ಗಂಟೆಯ ಬಾಯಲ್ಲಿ ಹುಲ್ಲು

ನನ್ನ ಆಯಿಗೆ,

ಬೆಳಗಾವಿಯಿಂದ ನಿನ್ನ ಮೊಮ್ಮಗಳು ಬರೆಯುತ್ತಿದ್ದೇನೆ. ಫೋನಿನಲ್ಲಿ ನೀನು "ಉಂಡೀಯೇನು?" ಎಂದು ಕೇಳಿ, ನನ್ನ ಉತ್ತರ ಬರುವುದರೊಳಗೆ ಇಟ್ಟೇ ಬಿಡುತ್ತೀ. ಅದಕ್ಕೇ ಈ ಕಾಗದ. ತಮ್ಮ ಬಾಳೇಶ ಸಾಂಬ್ರಾ ವಿಮಾನ ನಿಲ್ದಾಣದ ಡ್ಯೂಟಿ ಮುಗಿಸಿ ಭಾನುವಾರ ಅಲ್ಲಿಗೆ ಬರುತ್ತಾನಲ್ಲ, ಅವನೇ ಓದಿ ಹೇಳುತ್ತಾನೆ. ನಡುವೆ ತನ್ನದೇನಾದರೂ ಸೇರಿಸಿದರೆ ಕಿವಿ ಹಿಂಡು. ಆದರೆ ಮೊದಲೇ ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ಯಾರ ಮುಂದೂ ಆಡಬೇಡ ಎಂದು ನೀನು ನನ್ನ ಕೈ ಹಿಡಿದು ಹೇಳಿದ ಮಾತು ಈ ಕಾಗದದಲ್ಲಿದೆ. ಈಗ ಅವನಿಗೂ ಗೊತ್ತಾಗುತ್ತದೆ. ಬೈಯುವುದಿದ್ದರೆ ನನ್ನನ್ನು ಬೈ, ಅವನನ್ನಲ್ಲ.

ಸೋಮವಾರ ಖಾನಾಪುರದಲ್ಲಿ ನಮ್ಮ ಅರ್ಜಿಯ ಎರಡನೇ ವಿಚಾರಣೆ. ಇನ್ನೊಂದು ಇರುವುದಿಲ್ಲವಂತೆ. ಅಡವಿಯ ಗಡಿಕಲ್ಲಿನ ಆಚೆಗಿನ ಮಾಳದಲ್ಲಿ ಮೂರು ತಲೆಮಾರಿನಿಂದ ನಮ್ಮ ಎಮ್ಮೆ ಮೇಯುತ್ತಿವೆ ಎಂದು ತೋರಿಸಿದರೆ ಅದರ ಹಕ್ಕು ನಮಗೆ ಸಿಗುತ್ತದೆ. ತೋರಿಸಲಾಗದಿದ್ದರೆ ಮಾಳಕ್ಕೆ ಬೇಲಿ ಬೀಳುತ್ತದೆ. ಆಮೇಲೆ ನಿನ್ನ ಹನ್ನೊಂದು ಎಮ್ಮೆಗಳನ್ನು ಎಲ್ಲಿ ಬಿಡುವುದು? ನೀನು ಹೆಸರಿಟ್ಟು ಕರೆಯುವ ಎಮ್ಮೆಗಳನ್ನು ಮಾರಲು ಯಾರ ಕೈ ಬರುತ್ತದೆ, ಹೇಳು.

ಹೋದ ವರ್ಷದ ವಿಚಾರಣೆ ನಿನಗೂ ನೆನಪಿದ್ದೀತು. ಆ ಸಾಹೇಬರು ಒಳ್ಳೆಯವರೇ ಇದ್ದರು. ಕುರ್ಚಿ ಹಾಕಿಸಿ ನಿನ್ನನ್ನು ಕೂಡಿಸಿದರು, ನೀರು ಕೊಡಿಸಿದರು, ಆಮೇಲೆ ಮೆತ್ತಗೆ ಕೇಳಿದರು: "ಅಜ್ಜಿ, ಬ್ರಿಟಿಷರ ಕಾಲದಾಗ ನಿಮ್ಮಪ್ಪನ ಮ್ಯಾಲೆ ಅಡವಿ ಕೇಸ್ ಏನರ ಆಗಿತ್ತೇನ್ರಿ?" ಅಂಥ ಒಂದು ಕೇಸಿನ ಕಾಗದವಿದ್ದರೆ, ನಾವು ಆಗಲೂ ಅಲ್ಲಿ ಮೇಯಿಸುತ್ತಿದ್ದೆವು ಎನ್ನಲು ಅದೇ ದೊಡ್ಡ ಸಾಕ್ಷಿ, ಹೂಂ ಅಂದರೆ ಸಾಕು ಎಂದು ಅವರು ದಾರಿ ತೋರಿಸುತ್ತಿದ್ದರು. ನೀನು ಸೆರಗು ಸರಿಮಾಡಿಕೊಂಡು ಎದ್ದು ನಿಂತಿ. "ನಮ್ಮಪ್ಪ ಅಂಥಾಂವ ಅಲ್ರಿ. ಕಲ್ಲಿನ ಆಚಿಕ ನಾವು ಕಾಲ ಸೈತ ಇಟ್ಟಿಲ್ಲ" ಅಂದಿ. ಸಾಹೇಬರು ಪೆನ್ನು ಎತ್ತಿಕೊಂಡರು. ಬೇರೆ ಏನು ಬರೆಯಲು ಬರುತ್ತಿತ್ತು ಅವರಿಗೆ? ಪುರಾವೆ ಇಲ್ಲ ಎಂದು ಬರೆದರು.

ಅವತ್ತು ನನಗೆ ನಿನ್ನ ಮೇಲೆ ಕೆಂಡದಂಥ ಸಿಟ್ಟು ಬಂದಿತ್ತು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಿದ್ದೆ. ಅರ್ಧ ದಾರಿಯಲ್ಲಿ ನೀನು ನನ್ನ ಕಿವಿಯ ಹತ್ತಿರ ಬಂದು, "ಅಪ್ಪನ್ನ ಆ ಕಲ್ಲಿಗೆ ಕಟ್ಟಿ ಹಾಕಿದ್ರಂತ, ಅನು. ಕಳ್ಳ ಅಂತ ಒದರಿದ್ರಂತ. ಊರ ಮಂದಿ ಎಲ್ಲಾ ನಿಂತು ನೋಡಿದ್ರಂತ. ಯಾರ ಮುಂದೂ ಅನಬ್ಯಾಡ" ಅಂದಿ. ಎಂಬತ್ತು ವರ್ಷದ ನೀನು ಊರು ಬರುವವರೆಗೂ ನನ್ನ ಕೈ ಬಿಡಲಿಲ್ಲ. ನನ್ನ ಸಿಟ್ಟೆಲ್ಲ ಅಲ್ಲೇ ಇಳಿದು ಹೋಯಿತು.

ನಾನು ಚಿಕ್ಕವಳಿದ್ದಾಗ ಎಮ್ಮೆ ಹೊಡೆದುಕೊಂಡು ನಿನ್ನ ಹಿಂದೆ ಬರುತ್ತಿದ್ದೆನಲ್ಲ, ಆಗಿನದೊಂದು ಹೇಳುತ್ತೇನೆ. ಗಡಿಕಲ್ಲು ಬಂತೆಂದರೆ ನೀನು ಬಗ್ಗಿ ಒಂದು ಹಿಡಿ ಹುಲ್ಲು ಕಿತ್ತು, ಮುಂದಿನ ಎಮ್ಮೆಯ ಕೊರಳ ಗಂಟೆಯೊಳಗೆ ತುರುಕುತ್ತಿದ್ದಿ. ಯಾಕೆ ಎಂದು ಕೇಳಿದರೆ, ನಮ್ಮಪ್ಪ ಹಿಂಗೇ ಮಾಡುತ್ತಿದ್ದ ಅನ್ನುತ್ತಿದ್ದಿ, ಅಷ್ಟೇ. ನಾನು ಅದು ದೇವರ ಕಲ್ಲು, ಸದ್ದು ಮಾಡಬಾರದು ಎಂದುಕೊಂಡು ಕೈ ಮುಗಿಯುತ್ತಿದ್ದೆ. ನಗಬೇಡ. ಪರದೇಶದ ಸರಕಾರ ನೆಟ್ಟುಹೋದ ಕಲ್ಲಿಗೆ ನಿನ್ನ ಮೊಮ್ಮಗಳು ಎಷ್ಟು ಭಕ್ತಿಯಿಂದ ನಮಸ್ಕಾರ ಮಾಡಿದ್ದಾಳೋ ಲೆಕ್ಕವಿಲ್ಲ.

ಬಸ್ಸಿನಲ್ಲಿ ನೀನು ಹೇಳಿದ ಮೇಲೆ ನಾನು ಸುಮ್ಮನೆ ಕೂಡಲಿಲ್ಲ. ಕೋಟೆಯ ಹತ್ತಿರ ನಮ್ಮ ಓಣಿಯಲ್ಲಿ ಬಿಂದುಮಾಧವ ಸರ್ ಎಂಬ ನಿವೃತ್ತ ಮಾಸ್ತರರು ಇದ್ದಾರೆ. ಹಳೆಯ ಮರಾಠಿ ಮೋಡಿ ಅಕ್ಷರ ಓದಬಲ್ಲವರು. ಅವರನ್ನು ಕರೆದುಕೊಂಡು ಒಂದು ಕಚೇರಿಯ ದಾಖಲೆ ಕೋಣೆಯಲ್ಲಿ ಆರು ವಾರ ಧೂಳು ಕುಡಿದೆ. ದನಗಳನ್ನು ಹಿಡಿದು ಹಾಕುವ ಕೊಂಡವಾಡದ ಹಳೆಯ ಪುಸ್ತಕ ಸಿಕ್ಕಿತು. ಸರ್ ಭೂತಗನ್ನಡಿ ಹಿಡಿದು ನಿಧಾನ ಓದಿದರು: ಸಾವಿರದ ಒಂಬೈನೂರ ಇಪ್ಪತ್ತೆಂಟನೇ ಇಸವಿ. ಗುರುಸಿದ್ದ ಎಂಬವನು ಏಳು ಎಮ್ಮೆಗಳ ಸಮೇತ ಸರಕಾರ ಬಂದ್ ಮಾಡಿದ ಕಾಡಿನಲ್ಲಿ ಸಿಕ್ಕ. ಮುಂದಿನ ಎಮ್ಮೆಯ ಗಂಟೆಯಲ್ಲಿ ಸದ್ದು ಬಾರದಂತೆ ಹುಲ್ಲು ತುರುಕಿತ್ತು, ಆದ್ದರಿಂದ ಕದಿಯುವ ಉದ್ದೇಶ ಸ್ಪಷ್ಟ.

ಆಯಿ, ನಿನ್ನಪ್ಪನ ಹೆಸರು ಕೇಳಿ ನಾನು ಅಲ್ಲೇ ಅತ್ತುಬಿಟ್ಟೆ. ಸರ್ ಗಾಬರಿಯಾಗಿ ನೀರು ತರಲು ಹೋದರು.

ಆದರೆ ಆ ಪುಟದ ಮೂಲೆಯನ್ನು ಗೆದ್ದಲು ತಿಂದಿದೆ. ಊರಿನ ಹೆಸರು ಹೋಗಿದೆ. ಗುರುಸಿದ್ದ ಎಂಬ ಹೆಸರಿನವರು ನಮ್ಮ ಕಡೆ ಹತ್ತು ಮಂದಿ ಸಿಗುತ್ತಾರೆ. ಅವನು ನಮ್ಮವನೇ, ಗಂಟೆಗೆ ಹುಲ್ಲು ತುರುಕುವುದನ್ನು ನಿನಗೆ ಕಲಿಸಿದವನು ಅವನೇ ಎಂದು ಹೇಳಬಲ್ಲವಳು ಈಗ ನೀನೊಬ್ಬಳೇ. ಅದನ್ನು ಸಭೆಯಲ್ಲಿ, ಮಂದಿಯ ಮುಂದೆ, ಬಾಯಿಬಿಟ್ಟು ಹೇಳಬೇಕು.

ನಿನಗೆ ಬುದ್ಧಿ ಹೇಳುವಷ್ಟು ದೊಡ್ಡವಳೇನಲ್ಲ ನಾನು. ಕಾಲೇಜಿನಲ್ಲಿ ವಸಾಹತುಶಾಹಿಯ ಪಾಠ ಮಾಡುತ್ತೇನೆ. ಅಂದರೆ ಪರದೇಶದವರು ಬಂದು ನಮ್ಮ ನೆಲಕ್ಕೆ ತಮ್ಮ ಕಾನೂನು ಹಾಕಿ ಆಳಿದ ಕಥೆ. ಬೋರ್ಡಿನ ಮೇಲೆ ಹಡಗು ಬರೆಯುತ್ತೇನೆ, ಬಾಣ ಬರೆಯುತ್ತೇನೆ. ಕಾಕತಿಯ ಮಗಳು ಚೆನ್ನಮ್ಮ ರಾಣಿಯ ಮಾತು ಬಂದರೆ ನನ್ನ ದನಿ ತಾನೇ ಏರುತ್ತದೆ. ಹೋದ ತಿಂಗಳು ಮುಗ್ಧಾ ಎಂಬ ಹುಡುಗಿ ಎದ್ದು, "ನಿಮ್ಮ ಮನ್ಯಾಗ ಯಾರರ ಬ್ರಿಟಿಷರ ಕೈಯಾಗ ಸಿಕ್ಕಿದ್ರೇನ್ರಿ ಮೇಡಂ?" ಎಂದು ಕೇಳಿದಳು. ನನ್ನ ಚೀಲದಲ್ಲಿ ಆ ಪುಟದ ನಕಲು ಇತ್ತು. ಆದರೂ ನಾನು ಇಲ್ಲ ಅಂದೆ. ರಾಣಿಯ ಹೆಸರಿಗೆ ಏರುವ ದನಿ ಮುತ್ತಜ್ಜನ ಹೆಸರಿಗೆ ಏಳಲೇ ಇಲ್ಲ.

ಅವತ್ತು ನನಗೆ ನಿನ್ನ ಕಷ್ಟ ತಿಳಿಯಿತು. ಫೌಜು, ತೋಪು ಇದ್ದರಷ್ಟೇ ಒಬ್ಬರು ಇನ್ನೊಬ್ಬರನ್ನು ಆಳುತ್ತಾರೆ ಎಂದು ಇಷ್ಟು ವರ್ಷ ಪಾಠ ಮಾಡಿದೆ. ಅವರು ಹೋಗಿ ಎಪ್ಪತ್ತು ವರ್ಷ ದಾಟಿತು. ಕಲ್ಲು ಅಲ್ಲೇ ಇದೆ, ಸುಣ್ಣ ಮಾತ್ರ ನಮ್ಮವರು ಹೊಡೆಯುತ್ತಾರೆ. ಅವರು ಕೂಗಿದ ಆ ಒಂದು ಮಾತನ್ನು ನಾವೇ ಮನೆಯೊಳಗೆ ಮುಚ್ಚಿಟ್ಟು ಕಾಪಾಡಿಕೊಂಡು ಬಂದೆವು. ಕಲ್ಲು ನೆಡುವ ಮೊದಲೇ ನಮ್ಮ ಎಮ್ಮೆ ಆ ಮಾಳದಲ್ಲಿದ್ದವು. ತನ್ನ ಮಾಳಕ್ಕೆ ಎಮ್ಮೆ ಹೊಡೆದವನು ಕಳ್ಳ ಹೇಗಾಗುತ್ತಾನೆ, ಆಯಿ? ನಿನ್ನಪ್ಪ ಏನೂ ಕದ್ದಿಲ್ಲ.

ಹೇಳಲು ಆಗದಿದ್ದರೆ ಹೇಳಬೇಡ. ಮಾಳ ಹೋದರೂ ನಿನ್ನ ಮೇಲೆ ನನಗೆ ಕೂದಲಷ್ಟೂ ಬೇಸರವಿಲ್ಲ, ಇದು ಖರೇ ಮಾತು. ಹೇಳುತ್ತೇನೆ ಎಂದು ಮನಸ್ಸಾದರೆ ಒಂದು ಕೆಲಸ ಮಾಡು. ಸೋಮವಾರ ಬೆಳಿಗ್ಗೆ ಎಮ್ಮೆ ಹೊಡೆಯುವಾಗ ಕಲ್ಲಿನ ಹತ್ತಿರ ಬಗ್ಗಬೇಡ, ಹುಲ್ಲು ಕೀಳಬೇಡ. ನಾನು ಮೊದಲ ಬಸ್ಸಿಗೆ ಬಂದು ಕೆಳಗಿನ ರಸ್ತೆಯಲ್ಲಿ ನಿಂತಿರುತ್ತೇನೆ. ಮಾಳದ ಕಡೆಯಿಂದ ಗಂಟೆ ಕೇಳಿಸಿದರೆ ನಿನ್ನ ಉತ್ತರ ನನಗೆ ತಿಳಿಯುತ್ತದೆ. ಕೇಳಿಸದಿದ್ದರೆ ಮನೆಗೆ ಬಂದು ನಿನ್ನ ಕೈಯ ಚಹಾ ಕುಡಿದು, ಆ ಮಾತೇ ಎತ್ತದೆ ನಿನ್ನ ಜೊತೆ ಖಾನಾಪುರಕ್ಕೆ ಬರುತ್ತೇನೆ.

ನಿನ್ನ ಕಾಲು ಗಟ್ಟಿಯಾಗಿರಲಿ, ನಿನ್ನ ಎಮ್ಮೆಗಳು ತಣ್ಣಗಿರಲಿ. ಇಲ್ಲಿಂದಲೇ ನಿನ್ನ ಪಾದ ಮುಟ್ಟಿದ್ದೇನೆ, ನನ್ನ ತಲೆಯ ಮೇಲೆ ಕೈ ಇಡು. ಮುಗ್ಧಾಳಿಗೆ ನಾಳೆ ಶುಕ್ರವಾರ ತರಗತಿಯಲ್ಲಿ ಖರೇ ಉತ್ತರ ಕೊಡುತ್ತೇನೆ. ನೀನು ಏನೇ ಮಾಡಿದರೂ, ಇನ್ನು ಮುಂದೆ ನನ್ನ ರುಜು ಹೀಗೆ:

ಗಂಟೆಗೆ ಹುಲ್ಲು ತುರುಕಿ ಎಮ್ಮೆ ಮೇಯಿಸಿದ ಗುರುಸಿದ್ದನ ಮರಿಮಗಳು,
ಕಾಡವ್ವನ ಮೊಮ್ಮಗಳು,
ಅನುರಾಧಾ