ನೆಲದಲ್ಲೊಂದು ಕಿಂಡಿ

ಅಕ್ಟೋಬರ್ ೩, ಬೆಳಿಗ್ಗೆ

ಏವ್ರಿಲ್‌ಗೆ ಟೀ, ಟೋಸ್ಟ್. ತಟ್ಟೆ ಹಿಡಿದು ಚಿಮಣಿ ಪಕ್ಕದ ಸುರುಳಿ ಮೆಟ್ಟಿಲು ಹತ್ತುವಾಗ ತೊಲೆಗೆ ತಲೆ ಬಡಿಯಿತು. ಹುಟ್ಟಿ ಬೆಳೆದ ಮನೆ, ಆದರೂ ಬುದ್ಧಿ ಬಂದಿಲ್ಲ. ಎದ್ದು ಕೂತರೆ ಸಾಕು, ಹಾಸಿಗೆ ಹಿಡಿದ ನನ್ನ ಹೆಂಡತಿಗೆ ಏದುಸಿರು ಹತ್ತುತ್ತದೆ. ಎರಡು ಗುಟುಕು ಕುಡಿದು ಅಂದಳು — "ಆ ಕಿಂಡಿ ತೆಗೆಸು, ಹ್ಯೂ."

ಕೇಳಿಸದವನ ಹಾಗೆ ಕಿಟಕಿ ಒರೆಸಿದೆ.

ಅಕ್ಟೋಬರ್ ೪

ಮಂಚದ ಪಕ್ಕ, ನೆಲದಲ್ಲಿ, ಹಲಗೆ ಮುಚ್ಚಳ. ಶವಪೆಟ್ಟಿಗೆ ಮೆಟ್ಟಿಲಲ್ಲಿ ತಿರುಗುವುದಿಲ್ಲ. ಅದಕ್ಕೇ ನಮ್ಮ ಸಫೋಕ್ ಕಡೆಯ ಹಳೇ ಮನೆಗಳಲ್ಲಿ ಈ ಕಿಂಡಿ. ಅಪ್ಪ, ಅಮ್ಮ ಇಬ್ಬರೂ ಇದರಲ್ಲೇ ಇಳಿದರು. ಜೀವ ಇರುವಾಗ ತೆಗೆದರೆ ಸಾವನ್ನು ಕೈಯಾರೆ ಕರೆದ ಹಾಗೆ. ಆಗಲ್ಲ ಅಂದೆ. ಗೋಡೆ ಕಡೆ ತಿರುಗಿ ಮಲಗಿದಳು.

ಅಕ್ಟೋಬರ್ ೯

ಇವತ್ತು ಮಾತಾಡಿದಳು. ಮಲಗಿದಲ್ಲಿಂದ ಮಾಡಿನ ಮಸಿ ನೋಡುತ್ತಿದ್ದಳಂತೆ. ಮಾಳಿಗೆ ಕಟ್ಟುವ ಮೊದಲಿನ ಮಸಿ ಅದು. ಆಗ ಇಡೀ ಮನೆ ಒಂದೇ ಕೋಣೆ, ನಡುನೆಲದಲ್ಲಿ ಬೆಂಕಿ, ಹೊಗೆ ನೇರ ಮಾಡಿಗೆ.

"ಎಲ್ಲರೂ ಒಂದೇ ಬೆಂಕಿ ಸುತ್ತ ಮಲಗ್ತಿದ್ರು. ನಾನ್ಯಾಕೆ ಮೇಲೆ ಒಬ್ಳೇ ಸಾಯ್ಬೇಕು?"

ಕೆಳಗೆ ಬಂದು ಅತ್ತುಬಿಟ್ಟೆ.

ಅಕ್ಟೋಬರ್ ೧೦

ಬಡಗಿ ಗ್ಯಾರಡ್ ಬಂದ. ಮಂಚ ನೋಡಿ ಟೋಪಿ ತೆಗೆದ.

"ಹಾಕ್ಕೊಳ್ಳಪ್ಪಾ, ನಾನಿನ್ನೂ ಹೋಗಿಲ್ಲ" ಅಂದಳು.

ಅವನು ನಕ್ಕ. ನನ್ನ ಕೈಲಾಗಲಿಲ್ಲ. ಹಲಗೆ ಎದ್ದವು. ಸೇಬಿನ ಕಟ್ಟಿಗೆಯ ಹೊಗೆ, ಈರುಳ್ಳಿ ವಾಸನೆ, ಬೆಂಕಿಯ ಬೆಳಕು — ಎಲ್ಲ ಒಟ್ಟಿಗೆ ಮೇಲೆ ಬಂತು. ಕುರ್ಚಿಗೆ ಹಗ್ಗ ಕಟ್ಟಿ ಇಳಿಸಲಾ ಅಂತ ಗ್ಯಾರಡ್ ಕೇಳಿದ. ಇದರಲ್ಲಿ ಒಂದು ಸಲ ಇಳಿದರೆ ಸಾಕಂತೆ ಅವಳಿಗೆ.

ಅಕ್ಟೋಬರ್ ೧೪

ಈಗ ಮನೆ ಒಂದೇ ಕೋಣೆ. ಕೆಟಲ್ ಕುದಿಯಿತು ಅಂತ ಮೇಲಿಂದ ಅವಳೇ ಹೇಳುತ್ತಾಳೆ. ಮಧ್ಯಾಹ್ನ ಇಬ್ಬರಿಗೂ ಜೊಂಪು... ಎಚ್ಚರವಾದಾಗ ನಡುವೆ ಮಾಳಿಗೆ ಇದ್ದದ್ದೇ ಮರೆತುಹೋಗಿತ್ತು. ಎಷ್ಟು ವರ್ಷದಿಂದ ಹೀಗೇ ಮಲಗಿದ್ದೇವೋ ಅನ್ನಿಸಿತು. ಸುಖವಾಗಿತ್ತು. ಮೊದಲೇ ತೆಗೆಸಬೇಕಿತ್ತು.

ಅಕ್ಟೋಬರ್ ೧೭, ಸಂಜೆ

ಅಗ್ಗಿಷ್ಟಿಕೆ ಪಕ್ಕ ಕೂತಿದ್ದೇನೆ, ಕಾಲ ಬಳಿ ನಾಯಿ. ಏನು ಗೀಚುತ್ತಿದ್ದೀ ಅಂತ ಕೇಳಿದಳು. ನಿನ್ನ ಮೇಲೆ ದೂರು ಅಂದೆ. ಹಾಗಾದರೆ ಓದು ಅಂದಳು. ಒಂದೊಂದೇ ಸಾಲು ಬರೆದು ಗಟ್ಟಿಯಾಗಿ ಓದುತ್ತಿದ್ದೇನೆ. ಪ್ರತಿ ಸಾಲಿಗೂ ಮೇಲಿಂದ ಹೂಂಗುಟ್ಟುತ್ತಾಳೆ.

ಹೊರಗೆ ಮಂಜು. ಹೂಂ.

ಬೆಂಕಿ ಚೆನ್ನಾಗಿ ಹತ್ತಿದೆ. ಹೂಂ.

ನಾಯಿ ನಿದ್ದೆಯಲ್ಲೇ ಓಡುತ್ತಿದೆ.

ನಾಯಿ ನಿದ್ದೆಯಲ್ಲೇ ಓಡುತ್ತಿದೆ, ಏವ್ರಿಲ್.

ಕೇಳಿಸಲಿಲ್ಲವೇನೋ. ಇನ್ನೂ ಗಟ್ಟಿಯಾಗಿ ಓದುತ್ತೇನೆ. ಕಿಂಡಿ ತೆರೆದೇ ಇದೆ, ನಾನು ಇಲ್ಲೇ ಕೆಳಗೆ —