ನಲವತ್ತು ಬೆಳಗಿನ ಒಂದೇ ಸಾಲು

ನಡುಮನೆಯ ಮೇಜು,
ಮಂಗಳವಾರ, ಹದಿನಾಲ್ಕನೇ ತಾರೀಕು

ಪ್ರೀತಿಯ ತಮ್ಮಾ,

ಹೇಗಿದ್ದೀಯೋ? ಹೊತ್ತುಹೊತ್ತಿಗೆ ಊಟ ಮಾಡ್ತಿದ್ದೀಯಾ? ಎಂಜಿನ್ ರೂಮಿನ ಸೆಖೆಗೆ ಬೆನ್ನೆಲ್ಲ ಬೆವರುಸಾಲೆ ಎದ್ದಿದೆ ಅಂತ ಬರೆದಿದ್ದೆಯಲ್ಲ, ವಾಸಿಯಾಯ್ತಾ? ಪುಡಿ ಹಾಕ್ಕೋ, ಕೆರೀಬೇಡ. ನಿನಗೆ ಚಿಕ್ಕಂದಿನಿಂದಲೂ ಕೆರೆದು ಗಾಯ ಮಾಡ್ಕೊಳ್ಳೋ ಚಟ, ಅಮ್ಮ ನಿನ್ನ ಕೈಗೆ ಕಾಲುಚೀಲ ಕಟ್ಟಿ ಮಲಗಿಸ್ತಿದ್ದಳು. ಈ ಪತ್ರ ನಿನಗೆ ಯಾವ ಬಂದರಲ್ಲಿ ಸಿಗುತ್ತೋ ಏನೋ. ಎಲ್ಲರೂ ಫೋನಿನಲ್ಲಿ ಮಾತಾಡೋ ಕಾಲದಲ್ಲಿ ನಿನ್ನ ಹಡಗಿಗೆ ಮಾತ್ರ ಅಂಚೆಯೇ ಗತಿ. ನಾವೆಲ್ಲ ಕ್ಷೇಮ ಅಂತ ಬರೆಯೋಕೆ ಹೊರಟೆ, ಕೈ ಬರ್ಲಿಲ್ಲ. ನನ್ನ ತಲೆ ಮೊಸರುಗಡಿಗೆ ಆಗಿ ಮೂರು ದಿನ ಆಯ್ತು. ಯಾವುದು ಮೊದಲು ಹೇಳಲಿ, ಯಾವುದು ಆಮೇಲೆ ಹೇಳಲಿ, ಅದೂ ಗೊತ್ತಾಗ್ತಿಲ್ಲ.

ಮೊದಲಿಂದ ಹೇಳ್ತೀನಿ. ನೀನು ಹೊರಡೋ ವಾರವೇ ಅಲ್ವಾ ಎದೆ ಡಾಕ್ಟರು ನಿಮ್ಮ ಭಾವನಿಗೆ ಉಸಿರಿನ ಬಲ ಅಳೆಯೋ ಆ ಊದೋ ಕೊಳವೆ ಕೊಟ್ಟಿದ್ದು. ಮರದ ಧೂಳು ಕುಡಿದು ಕುಡಿದು ಎದೆಗೂಡು ಸೋತಿದೆ, ಎರಡು ತಿಂಗಳು ಮರಗೆಲಸದ ಕಡೆ ತಲೆ ಹಾಕಬೇಡಿ, ಕೊನೆಯ ನಲವತ್ತು ದಿನ ಬೆಳಗ್ಗೆ ಎದ್ದ ಕೂಡಲೇ ಇದನ್ನು ಊದಿ ಮುಳ್ಳು ಎಲ್ಲಿ ನಿಲ್ಲುತ್ತೋ ಬರೆದಿಡಿ, ಅಂದಿದ್ದರು. ಮುನ್ನೂರೈವತ್ತರ ಮೇಲೆ ಇದ್ದರೆ ಮತ್ತೆ ಉಳಿ ಹಿಡೀಬಹುದು. ಮುನ್ನೂರರ ಕೆಳಗೆ ಬೀಳ್ತಾ ಇದ್ದರೆ ಆ ಕೆಲಸಕ್ಕೆ ಕೈಮುಗಿದುಬಿಡಿ, ಉಳಿದಿರೋ ಉಸಿರಾದರೂ ಉಳೀಲಿ. ಇಷ್ಟೇ ಮಾತು. ಅವತ್ತು ಮನೆಗೆ ಬಂದ ನಿಮ್ಮ ಭಾವ ಉಳಿಗಳನ್ನೆಲ್ಲ ಜಗಲಿಯ ಮೇಲೆ ಹರಡಿಕೊಂಡು ಎಣ್ಣೆ ಹಚ್ಚೋಕೆ ಕೂತವರು, ಇವತ್ತಿಗೂ ದಿನಾ ಹಚ್ತಾ ಇದ್ದಾರೆ. ಕಾರ್ಖಾನೆಯಿಂದ ಯಜಮಾನ ಎರಡು ಸಲ ಹೇಳಿ ಕಳಿಸಿದ್ದಾನೆ, ನಿಮ್ಮ ಹಾಗೆ ಬಾಗಿಲು ಕೂರಿಸೋರು ಯಾರೂ ಇಲ್ಲ, ಬೇಗ ಬನ್ನಿ ಅಂತ. ಅದನ್ನು ಕೇಳಿದ ದಿನ ಇವರು ಎರಡು ಲೋಟ ಟೀ ಜಾಸ್ತಿ ಕುಡೀತಾರೆ.

ನಾನು ಒಂದು ನೋಟ್ ಪುಸ್ತಕದಲ್ಲಿ ಬರ್ಕೋತೀನಿ ಅಂದೆ. ನೀನೇ ಅಲ್ವೇನೋ "ಅಕ್ಕಾ, ಮೂವತ್ತು ವರ್ಷ ಜನನ ಮರಣದ ಕಚೇರಿಯಲ್ಲಿ ಕೈ ಸವೆಯೋ ಹಾಗೆ ಬರೆದಿದ್ದು ಸಾಲ್ದಾ, ರಿಟೈರ್ ಆದ ಮೇಲೆ ಹೊಸದೊಂದು ಕಲಿ" ಅಂತ ಆ ಹಳೇ ಕಂಪ್ಯೂಟರಲ್ಲಿ ಪರ್ಲ್ ಅನ್ನೋ ಕಂಪ್ಯೂಟರ್ ಭಾಷೆ ತುಂಬಿಸಿ, ಏನೇನು ಮಾಡಬೇಕು ಅಂತ ಅದರಲ್ಲಿ ಒಂದು ಸ್ಕ್ರಿಪ್ಟ್ ಬರೆದಿಟ್ಟು ಹೋಗಿದ್ದು? ಅಂಕಿ ಒತ್ತಿದರೆ ಪರದೆ ಮೇಲೆ ತಾರೀಕಿನ ಜೊತೆ ತೋರಿಸೋದು. ತೋರಿಸಿ ಏನು ಬಂತು, ಕಂಪ್ಯೂಟರ್ ಆರಿಸಿದರೆ ಎಲ್ಲ ಮಾಯ! ಫೈಲಿಗೆ ಹೋಗೋ ಹಾಗೆ ಮಾಡೋದು ಹೇಗೆ ಅಂತ ಹಡಗಿನಿಂದ ಬರೀತೀನಿ ಅಕ್ಕಾ, ಅದನ್ನು ನೀನೇ ಮಾಡಬೇಕು ಅಂತ ಹೇಳಿ ಹೋದೆ ನೀನು. ನಾಲ್ಕು ಪುಟದ ಪತ್ರವೂ ಬಂತು. "ಮೂರೇ ಮೂರು ಸಾಲು ಅಕ್ಕಾ, ಓಪನ್, ಪ್ರಿಂಟ್, ಕ್ಲೋಸ್" ಅಂತ ಬರೆದಿದ್ದೆ. ಆ ಮೂರು ಸಾಲು ನನ್ನ ಜೀವ ಹಿಂಡಿ ಹಾಕಿದ್ದು ನಿನಗೇನು ಗೊತ್ತು!

ಮೊದಲನೇ ದಿನ ಪ್ರಿಂಟ್ ಸಾಲಿನಲ್ಲಿ ಫೈಲಿನ ಹೆಸರು ಆದ ಮೇಲೆ ಒಂದು ಅಲ್ಪವಿರಾಮ ಹಾಕಿದೆ. ಹಾಕದೆ ಇರೋಕೆ ಆಗುತ್ತಾ, ಎರಡು ಬೇರೆ ಬೇರೆ ವಿಷಯ ಅಕ್ಕಪಕ್ಕ ಬಂದರೆ ನಡುವೆ ಅಲ್ಪವಿರಾಮ ಇಡೋದು ಮರ್ಯಾದೆ. ಫೈಲಿಗೆ ಏನೂ ಹೋಗಲಿಲ್ಲ. ಪರದೆ ಮೇಲೆ ಮಾತ್ರ ತಲೆ ಬುಡ ಇಲ್ಲದ ಇಂಗ್ಲಿಷ್ ಅಕ್ಷರ, ಆವರಣದೊಳಗೆ ಉದ್ದಕ್ಕೆ ಅಂಕಿ. ವೈರಸ್ ಬಂತು ಅಂತ ನಾನು ಸ್ವಿಚ್ಚೇ ಕಿತ್ತುಬಿಟ್ಟೆ. ಎರಡು ದಿನ ಬೇಕಾಯ್ತು, ಅಲ್ಲಿ ಅಲ್ಪವಿರಾಮ ಕೂಡದು ಅಂತ ನಿನ್ನ ಪತ್ರದ ಅಂಚಿನಲ್ಲಿ ಇರುವೆ ಸಾಲಿನ ಹಾಗೆ ಬರೆದಿದ್ದು ಕಣ್ಣಿಗೆ ಬೀಳೋಕೆ. ಅದು ಸರಿಯಾಯ್ತು ಅಂದ್ರೆ ಪರದೆಯೇ ಮೂಗಿಯಾಯ್ತು. ಅಂಕಿ ಒತ್ತಿದೆ, ಏನೂ ಇಲ್ಲ. ಮತ್ತೆ ಒತ್ತಿದೆ, ಏನೂ ಇಲ್ಲ. ಸತ್ತುಹೋಯ್ತು ಅಂತ ನಿಮ್ಮ ಭಾವನ್ನ ಕರೆದೆ, ಅವರು ಬಂದು ಕಂಪ್ಯೂಟರಿನ ನೆತ್ತಿಗೆ ಎರಡು ತಟ್ಟಿದರು, ಬಿಗಿಯಾದ ಕಿಟಕಿಗೆ ತಟ್ಟೋ ಹಾಗೆ. ಮಾತೆಲ್ಲ ಫೈಲಿಗೆ ಹೋಗ್ತಿದೆ, ಅದಕ್ಕೇ ಪರದೆ ಸುಮ್ಮನಿದೆ ಅಂತ ಹೊಳೀಲೇ ಇಲ್ಲ ನೋಡು. ಸರಿ, ಫೈಲು ತೆಗೆದರೆ ಅದೂ ಖಾಲಿ! ಕ್ಲೋಸ್ ಅನ್ನೋವರೆಗೂ ಅದು ಬಾಯಲ್ಲಿ ಇಟ್ಕೊಂಡು ಕೂತಿರುತ್ತಂತೆ, ನುಂಗೋದಿಲ್ಲವಂತೆ. ಪೆನ್ನಿನಲ್ಲಿ ಬರೆದರೆ ಬರೆದ ಕೂಡಲೇ ಕಾಗದದ ಮೇಲೆ ಇರುತ್ತಪ್ಪಾ. ಹೀಗೆ ಹತ್ತು ದಿನ ಒದ್ದಾಡಿ, ಹನ್ನೊಂದನೇ ದಿನ ಬೆಳಗ್ಗೆ ಫೈಲು ತೆಗೆದರೆ ಒಳಗೆ ತಾರೀಕು, ಪಕ್ಕದಲ್ಲಿ ಮುನ್ನೂರ ಎಪ್ಪತ್ತು. ಅಯ್ಯೋ, ನನ್ನ ಸಂತೋಷ ಏನು ಹೇಳಲಿ! ನಡುಮನೆಯಿಂದ ಜಗಲಿಯವರೆಗೆ ಓಡಿ ಹೋಗಿ ಹೇಳಿ ಬಂದೆ. ಅವತ್ತಿನಿಂದಲೇ ನಲವತ್ತು ದಿನದ ಲೆಕ್ಕ ಶುರು ಮಾಡಿದ್ವಿ.

ದಿನಾ ಒಂದೇ ಪದ್ಧತಿ. ಇವರು ಕಿಟಕಿ ಹತ್ತಿರ ನಿಂತು ಊದೋದು, ಮುಳ್ಳು ನೋಡಿ ಕೂಗಿ ಹೇಳೋದು. ನಾನು ಕಂಪ್ಯೂಟರ್ ಕಡೆ ಮುಖ ಮಾಡಿ ಕೂತು ಒತ್ತೋದು. ಆಮೇಲೆ ಫೈಲು ತೆಗೆದು ನೋಡ್ತಿದ್ದೆ. ಇವತ್ತಿನ ತಾರೀಕು ಇದೆ, ಇವತ್ತಿನ ಅಂಕಿ ಇದೆ, ಸರಿ, ಮುಚ್ಚು. ಕಚೇರಿಯಲ್ಲಿ ರಿಜಿಸ್ಟರ್ ತೆಗೆದರೆ ಇವತ್ತಿನ ಪುಟ ಮೇಲಿರುತ್ತೆ, ನಿನ್ನೆಯದು ಅದರ ಹಿಂದೆ ಇರುತ್ತೆ. ಹಿಂದಿನ ಪುಟ ಇದೆಯೋ ಇಲ್ಲವೋ ಅಂತ ದಿನಾ ತಿರುವಿ ನೋಡೋ ಗುಮಾಸ್ತೆ ಯಾರಾದರೂ ಉಂಟಾ? ಮೂವತ್ತು ವರ್ಷ ರಿಜಿಸ್ಟರ್ ತೆಗೆದಿದ್ದೀನಿ, ತೆಗೆದದ್ದಕ್ಕೆ ಹಿಂದೆ ಹುಟ್ಟಿದ ಒಂದು ಮಗುವಾದರೂ ಅಳಿಸಿಹೋಗಿದ್ದಿಲ್ಲ.

ಹೋದ ಶನಿವಾರ ನಲವತ್ತು ತುಂಬಿತು. ಫೈಲನ್ನು ಪೆನ್‌ಡ್ರೈವಿಗೆ ಹಾಕ್ಕೊಂಡು ಬೀದಿ ಕೊನೆಯ ಜೆರಾಕ್ಸ್ ಅಂಗಡಿಗೆ ಹೋದೆ. ಅಂಗಡಿಯ ಹೆಂಗಸು ಪ್ರಿಂಟ್ ತೆಗೆದು ಕೈಗೆ ಕೊಟ್ಟಳು. ಬಿಳೀ ಹಾಳೆ, ತುದಿಯಲ್ಲಿ ಒಂದೇ ಒಂದು ಸಾಲು. ಅವತ್ತಿನದು, ನಾನೂರ ಹತ್ತು. ಮಿಕ್ಕಿದ್ದು ಕೊಡಮ್ಮಾ ಅಂದೆ. ಇಷ್ಟೇ ಇರೋದು ಅಂದಳು. ಇಂಕು ಮುಗಿದಿರಬೇಕು ನೋಡು ಅಂದೆ. ಪಾಪ, ನೋಡಿದಳು. ಆಮೇಲೆ ಅದೇ ಡ್ರೈವಿನಲ್ಲಿದ್ದ ಸ್ಕ್ರಿಪ್ಟನ್ನೂ ತೆಗೆದು ನೋಡಿ, "ಅಮ್ಮಾ, ಇಲ್ಲಿ ಒಂದೇ ಬಾಣ ಹಾಕಿದ್ದೀರಿ. ಒಂದು ಬಾಣ ಅಂದ್ರೆ ಇದ್ದದ್ದೆಲ್ಲ ಅಳಿಸಿ ಹೊಸದಾಗಿ ಬರಿ ಅಂತ. ಎರಡು ಬಾಣ ಹಾಕಿದ್ದರೆ ಕೊನೆಗೆ ಸೇರಿಸ್ತಾ ಹೋಗ್ತಿತ್ತು" ಅಂದಳು. ನಿನ್ನ ಪತ್ರದಲ್ಲಿ ಎರಡೇ ಇತ್ತು ಕಣೋ! ಆ ಬಲಗಡೆ ಮೊನೆಯ ಗುರುತು ಒಂದರ ಪಕ್ಕ ಒಂದು ಎರಡು ಇದ್ದವು. ಹಡಗು ಅಲ್ಲಾಡುವಾಗ ಬರೆದಿದ್ದಾನೆ, ಕೈ ನಡುಗಿ ಎರಡು ಸಲ ಗೀಚಿದ್ದಾನೆ ಅಂತ ನಾನು ಕೆಂಪು ಪೆನ್ನಿನಲ್ಲಿ ಒಂದನ್ನು ಹೊಡೆದುಹಾಕಿದ್ದೆ. ರಿಜಿಸ್ಟರಿನಲ್ಲಿ ಒಂದೇ ಮಗುವನ್ನು ಎರಡು ಸಲ ಬರೆದಿದ್ದರೆ ಒಂದನ್ನು ಹೊಡೆಯೋದೇ ಅಲ್ವಾ ನನ್ನ ಕೆಲಸ ಆಗಿದ್ದಿದ್ದು. ನಲವತ್ತು ದಿನದ ಶ್ರಮ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ ಆಯ್ತು. ಡಾಕ್ಟರ ಹತ್ತಿರ ಹೋಗಬೇಕಾಗಿರೋದು ಈ ಗುರುವಾರ.

ಮನೆಗೆ ಬಂದು ಮುಖ ಸಪ್ಪೆ ಮಾಡ್ಕೊಂಡು ಕೂತೆ. ನಿಮ್ಮ ಭಾವ ಬೈಯಲೇ ಇಲ್ಲ. ಭಾನುವಾರ ಬೆಳಗ್ಗೆ ಕುರ್ಚಿ ಎಳ್ಕೊಂಡು ನನ್ನ ಪಕ್ಕ ಕೂತು, "ಅಷ್ಟಕ್ಕೆಲ್ಲ ಅಳ್ತಾರೇನೇ, ನನಗೆ ಎಲ್ಲಾ ನೆನಪಿದೆ, ನಾನು ಹೇಳ್ತೀನಿ ನೀನು ಒತ್ತು" ಅಂದರು. ಅವರ ನೆನಪು ನಿನಗೆ ಗೊತ್ತಲ್ಲ. ಇಪ್ಪತ್ತು ವರ್ಷದ ಹಿಂದೆ ಯಾರ ಮನೆಗೆ ಎಷ್ಟು ಅಗಲದ ಬೀರು ಮಾಡಿದ್ದು ಅಂದ್ರೆ ಇಂಚಿನ ಕಾಲುಭಾಗದ ಸಮೇತ ಹೇಳೋ ಮನುಷ್ಯ. ಕಣ್ಣು ಮುಚ್ಕೊಂಡು ಶುರು ಮಾಡಿದರು. ಮುನ್ನೂರ ಎಪ್ಪತ್ತು, ಮುನ್ನೂರ ಎಪ್ಪತ್ತೈದು, ಮುನ್ನೂರ ಎಂಬತ್ತು. ಈ ಸಲ ಎರಡು ಬಾಣ ಹಾಕಿ ಹಳೇ ತಾರೀಕುಗಳನ್ನೂ ನಾನೇ ಒತ್ತಿದೆ, ಒಂದರ ಕೆಳಗೆ ಒಂದು ಚೆಂದಾಗಿ ಕೂತ್ವು. ಏಣಿ ಮೆಟ್ಟಿಲಿನ ಹಾಗೆ ಏರ್ತಾ ಹೋಗಿ ನಾನೂರ ಹತ್ತಕ್ಕೆ ನಿಂತ್ವು. ನಡುನಡುವೆ ನೀರು ಕುಡೀತಿದ್ದರು. ಅವರು ಹೇಳಿ ಮುಗಿಸಿ, "ಗುರುವಾರ ಡಾಕ್ಟರು ಹೂಂ ಅಂದ್ರೆ ಶುಕ್ರವಾರವೇ ಕೆಲಸಕ್ಕೆ ಹೋಗ್ತೀನಿ" ಅಂತ ಜಗಲಿಗೆ ಹೋದರು.

ಈಗ ಬಂತು ನೋಡು ನನ್ನ ಗೋಳು. ನನಗೆ ಎರಡು ದಿನ ಚೆನ್ನಾಗಿ ನೆನಪಿದೆ. ಒಂದು ದಿನ ನಲ್ಲಿ ರಿಪೇರಿಯವನು ಬಂದಿದ್ದ. ಊದಿದ ಮೇಲೆ ಇವರಿಗೆ ಕೆಮ್ಮು ಹತ್ತಿ ಬಚ್ಚಲ ಹೊಸ್ತಿಲ ಮೇಲೆ ಕೂತುಬಿಟ್ಟರು, ಮಾತೇ ಹೊರಡಲಿಲ್ಲ. ಕೊಳವೆ ಇಸ್ಕೊಂಡು ಮುಳ್ಳು ನೋಡಿದ್ದು ನಾನು. ಇನ್ನೂರ ನಲವತ್ತು. ಅದಾಗಿ ಒಂದು ವಾರಕ್ಕೆ ಮತ್ತೆ ಹಾಗೇ ಆಯ್ತು, ಇನ್ನೂರ ಅರವತ್ತು. ಎರಡನ್ನೂ ಈ ನನ್ನ ಕೈಯಲ್ಲೇ ಒತ್ತಿದ್ದೀನಿ. ಭಾನುವಾರ ಅವರು ಹೇಳಿದ ನಲವತ್ತರಲ್ಲಿ ಅವೆರಡೂ ಇಲ್ಲ. ಮೂರು ಸಲ ಓದಿದೆ, ಇಲ್ಲ. ಮರೆತರಾ? ಅಳತೆ ಮರೆಯೋ ಆಸಾಮಿ ಅಲ್ಲ. ಬೇಕಂತಲೇ ಬಿಟ್ಟರಾ? ಮದುವೆಯಾದ ಮೂವತ್ತೊಂದು ವರ್ಷದಲ್ಲಿ ನನ್ನ ಹತ್ತಿರ ಒಂದು ಸುಳ್ಳು ಹೇಳಿದ್ದು ನನಗೆ ಗೊತ್ತಿಲ್ಲ. ಅಥವಾ ನನಗೇ ಅರವತ್ತರ ಅರಳುಮರಳಾ? ಅಲ್ಪವಿರಾಮಕ್ಕೆ ಎರಡು ದಿನ ಪರದಾಡಿದವಳು ನಾನು, ನನ್ನ ತಲೆಯನ್ನೂ ಪೂರ್ತಿ ನಂಬೋ ಹಾಗಿಲ್ಲ. ಕೇಳೋಣ ಅಂತ ನಿನ್ನೆ ಎರಡು ಸಲ ಜಗಲಿವರೆಗೆ ಹೋದೆ, ಉಳಿ ಒರೆಸ್ತಾ ಶಿಳ್ಳೆ ಹಾಕ್ತಿದ್ದರು, ವಾಪಸ್ ಬಂದೆ. ಸಾಕ್ಷಿ ಇಲ್ಲದೆ ಹೇಗೆ ಕೇಳಲಿ? ಇದ್ದ ಸಾಕ್ಷಿಯನ್ನು ದಿನಾ ಬೆಳಗ್ಗೆ ನನ್ನ ಕೈಯಾರೆ ಅಳಿಸಿದ್ದೀನಿ.

ಅಡಕತ್ತರಿಯಲ್ಲಿ ಸಿಕ್ಕ ಹಾಗೆ ಆಗಿದೆ ತಮ್ಮಾ. ಭಾನುವಾರ ಅವರು ಹೇಳಿದ ಪಟ್ಟಿ ತಗೊಂಡು ಹೋದರೆ ಡಾಕ್ಟರು ಹೂಂ ಅಂತಾರೆ, ಇವರು ಮತ್ತೆ ಆ ಧೂಳಿಗೆ ಹೋಗ್ತಾರೆ, ಒಂದು ದಿನ ಹೊಸ್ತಿಲ ಮೇಲೆ ಕೂತವರು ಏಳದೆ ಹೋದರೆ? ತಗೊಂಡು ಹೋಗದೆ ಇದ್ದರೆ, ಕಂಡ ಬಾಗಿಲನ್ನೆಲ್ಲ ತೆಗೆದು ಮುಚ್ಚಿ ನೋಡದೆ ಮುಂದೆ ಹೋಗದ ಮನುಷ್ಯ ಇನ್ನು ಮೇಲೆ ದಿನವಿಡೀ ಏನು ಮಾಡಬೇಕು? ನನಗೆ ಭಯ ಆಗ್ತಿದೆ ಕಣೋ. ಅದಕ್ಕೇ ಕೇಳ್ತೀನಿ, ಅಳಿಸಿಹೋದ ಸಾಲುಗಳನ್ನು ಕಂಪ್ಯೂಟರಿನ ಹೊಟ್ಟೆಯಿಂದ ಹೇಗಾದರೂ ವಾಪಸ್ ತೆಗೆಯೋಕೆ ಆಗುತ್ತಾ? ನೀನು ಒಳಗೆ ಎಲ್ಲೋ ಬಚ್ಚಿಟ್ಟಿರೋ ಹಳೇ ಪ್ರತಿ ಏನಾದರೂ ಇದೆಯಾ? ಎಷ್ಟು ಕಷ್ಟ ಆದರೂ ಕಲೀತೀನಿ. ಈ ಪತ್ರ ಗುರುವಾರದೊಳಗೆ ನಿನಗೆ ಸಿಗೋದಿಲ್ಲ ಅಂತ ಗೊತ್ತು. ಡಾಕ್ಟರಿಗೆ ಇನ್ನೊಂದು ತಿಂಗಳು ಕೊಡಿ ಅಂತ ಏನಾದರೂ ನೆಪ ಹೇಳ್ತೀನಿ. ಆ ಹಳೇ ಸಾಲು ಕಣ್ಣಿಗೆ ಬಿದ್ದರೆ ಸಾಕು, ಯಾರ ಹತ್ತಿರವೂ ಜಗಳ ಆಡಬೇಕಾಗಿಲ್ಲ.

ನಿನ್ನ ಜೊತೆ ಕೆಲಸ ಮಾಡೋ ಅಡುಗೆಯವರಿಗೆ ನನ್ನ ನಮಸ್ಕಾರ ಹೇಳು, ನಿನಗೆ ಖಾರ ಕಮ್ಮಿ ಹಾಕಲಿ. ಡೆಕ್ಕಿನ ಮೇಲೆ ಚಪ್ಪಲಿ ಇಲ್ಲದೆ ಓಡಾಡಬೇಡ. ನೀನು ಎಲ್ಲಿದ್ದರೂ ತಣ್ಣಗಿರು, ನೂರು ವರ್ಷ ಬಾಳು.

ನಿನ್ನ ಪೆದ್ದು ಅಕ್ಕ

ತಾ. ಕ.: ಬುಧವಾರ ಬೆಳಗ್ಗೆ. ಅಂಚೆಗೆ ಹಾಕೋಕೆ ಹೊರಟವಳು ಲಕೋಟೆ ಬಿಚ್ಚಿ ನಿಂತ್ಕೊಂಡೇ ಬರೀತಿದ್ದೀನಿ. ಹಳೇ ಸಾಲು ಹುಡುಕೋ ಕಷ್ಟ ತಗೋಬೇಡ. ತಡೆಯೋಕಾಗದೆ ನಿನ್ನೆ ಸಾಯಂಕಾಲ ಆ ಎರಡು ದಿನದ ಮಾತು ಎತ್ತಿದೆ. ಒರೆಸ್ತಿದ್ದ ಉಳಿಯನ್ನು ಕೆಳಗಿಟ್ಟು, "ಎರಡಲ್ಲ ಕಣೇ, ಇಪ್ಪತ್ತಾರು ದಿನ ಮುನ್ನೂರರ ಕೆಳಗೇ ಇತ್ತು" ಅಂದರು. ಆ ಎರಡು ದಿನ ಮಾತ್ರ ನನಗೆ ನಿಜ ಗೊತ್ತಾಗಿದ್ದು, ಮುಳ್ಳು ಮುಚ್ಚಿಡೋಕೂ ಉಸಿರಿರಲಿಲ್ಲವಂತೆ. ಮಿಕ್ಕ ದಿನ ಮುಳ್ಳು ಇನ್ನೂರರ ಆಸುಪಾಸಿನಲ್ಲಿ ನಿಂತಿದ್ದರೆ ಬಾಯಲ್ಲಿ ಮುನ್ನೂರ ಎಂಬತ್ತು, ತೊಂಬತ್ತು ಅಂತ ಹೇಳಿ, ನಾನು ತಿರುಗೋದರೊಳಗೆ ಮುಳ್ಳನ್ನು ಹೆಬ್ಬೆರಳಿನಲ್ಲಿ ಸೊನ್ನೆಗೆ ತಳ್ಳಿಬಿಡ್ತಿದ್ದರಂತೆ. ನಾನು ಎರಡು ಬಾಣ ಹಾಕಿದ್ದರೆ ಆ ಸುಳ್ಳನ್ನೆಲ್ಲ ಒಂದರ ಕೆಳಗೊಂದು ಜೋಡಿಸಿ ಹೆಮ್ಮೆಯಿಂದ ಡಾಕ್ಟರ ಮೇಜಿನ ಮೇಲೆ ಇಟ್ಟು ಬರ್ತಿದ್ದೆ ಕಣೋ. "ದಿನಕ್ಕೊಂದು ಸುಳ್ಳು ಹೇಳೋದು ಕಷ್ಟ ಅನಿಸಿರಲಿಲ್ಲ, ಭಾನುವಾರ ನಿನ್ನ ಪಕ್ಕ ಕೂತು ನಲವತ್ತೂ ಒಟ್ಟಿಗೆ ಹೇಳೋವಾಗ ಬಾಯಿ ಒಣಗಿಹೋಯ್ತು" ಅಂದರು. ಅತ್ತರು. ನಾನೂ ಅತ್ತೆ. ಇವತ್ತು ಊದಿದ ಮೇಲೆ ಮುಳ್ಳು ಮುಟ್ಟದೆ ಕೊಳವೆಯನ್ನು ನನ್ನ ಕೈಗೆ ಕೊಟ್ಟರು. ಇನ್ನೂರ ಐವತ್ತು. ನಾಳೆ ಡಾಕ್ಟರ ಹತ್ತಿರ ಇದೊಂದೇ ಸಾಲು ತಗೊಂಡು ಹೋಗ್ತೀವಿ.