ಸಭೇಶ ಮಾಮನ ತನಿಗೆ ಕೂತದ್ದು

ಡಿಸೆಂಬರ್ ೨೨, ಮೈಲಾಪುರ

ನಾನೊಬ್ಬ ಅಪರಾಧಿ. ಸಂಗೀತ ಕಛೇರಿಯಲ್ಲಿ ಮೃದಂಗದವರೊಬ್ಬರೇ ನುಡಿಸುವ ತನಿ ಶುರುವಾದೊಡನೆ ಬಚ್ಚಲಿಗೆ ಓಡುವ ಸಭಿಕರಿಗೆ ಹನ್ನೊಂದು ವರ್ಷದಿಂದ ನಾನೇ ಮುಂದಾಳು. ನುಡಿಸುವವರು ಪಕ್ಕದ ಮನೆಯ ಸಭೇಶ ಮಾಮ. ಎಪ್ಪತ್ತೆರಡರಲ್ಲೂ ಮೂರು ಗಂಟೆ ಕದಲದ ಮಹಾನುಭಾವರು.

ಹೋದ ತಿಂಗಳು ಅವರೇ ಹಿಡಿದು ಕೇಳಿದರು. "ದಿನಕ್ಕೆ ಎಷ್ಟು ಸಲ ಬಚ್ಚಲಿಗೆ ಹೋಗ್ತೀಯೋ?"

"ಹದಿನಾಲ್ಕು, ಮಾಮ."

"ಏಳೆಂಟಾದ್ರೆ ಸರಿ. ಡಾಕ್ಟರಿಗೆ ತೋರಿಸು. ನೀನು ಎದ್ದಾಗೆಲ್ಲ ನನ್ನ ಕೈ ಸೋಲುತ್ತೆ ಕಣೋ."

ಡಾಕ್ಟರು ಸಕ್ಕರೆ ಕಾಯಿಲೆ ಇಲ್ಲವೆಂದರು. ಕಾಫಿ ಕಡಿಮೆ ಮಾಡಿಸಿ, ಅವಸರವಾದಾಗ ಐದೈದು ನಿಮಿಷ ತಡೆಯುವುದನ್ನು ರೂಢಿ ಮಾಡಿಸಿದರು.

ಇಂದು ತನಿ ಪೂರ್ತಿ ಕೂತೆ! ಎಂಥ ಕೈ! ಗುಡುಗೂ ಅದೇ, ತುಂತುರೂ ಅದೇ. ಮುಗಿದ ಮೇಲೆ ಮಾಮ ಕಣ್ತುಂಬಿಕೊಂಡು, "ಕೂತಿದ್ದೆಯಲ್ಲೋ!" ಎಂದು ಬಿಗಿಯಾಗಿ ತಬ್ಬಿಕೊಂಡರು.

ಅಷ್ಟು ಬಿಗಿ ಬೇಕಿರಲಿಲ್ಲ. ಪಂಚೆ ಒಗೆದು ಹರವಿ ಬಂದು ಇದನ್ನು ಬರೆಯುತ್ತಿದ್ದೇನೆ.